ಬ್ಯಾಗ್ ಕಾಯುವ ಕೆಲಸ

ರೋಲರ್ ಕೋಸ್ಟರ್ ಇರುವ ಯಾವ ಪಾರ್ಕಿಗೆ ಬೇಕಾದರೂ ಹೋಗಿ. ಜನ ಇಳಿದು ಹೊರಗೆ ಬರುವ ದಾರಿಯ ಪಕ್ಕ ಒಂದು ಬೆಂಚು ಇದ್ದೇ ಇರುತ್ತದೆ. ಆ ಬೆಂಚಿನ ಮೇಲೆ ನಮ್ಮ ಕಡೆಯ ಹೆಂಗಸರೊಬ್ಬರು ಕೂತಿರುತ್ತಾರೆ. ತೊಡೆ ಮೇಲೆ ಎರಡು ಮೂರು ಬ್ಯಾಗು, ಕೈಯಲ್ಲಿ ಗಂಡನ ಕನ್ನಡಕ, ಪಕ್ಕದಲ್ಲಿ ಮಕ್ಕಳು ಅರ್ಧ ಕುಡಿದಿಟ್ಟ ನೀರಿನ ಬಾಟಲಿ. "ನೀವು ಹೋಗಲ್ವಾ?" ಅಂತ ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ: "ಅಯ್ಯೋ, ನಂಗೆ ಅವೆಲ್ಲ ಆಗಲ್ಲಪ್ಪ."

ನಾನೂ ವರ್ಷಗಟ್ಟಲೆ ಅದೇ ಉತ್ತರ ಕೊಟ್ಟವಳು. ಆ ಕೆಲಸದಲ್ಲಿ ನನಗೆ ಬೇಸರವೇನೂ ಇರಲಿಲ್ಲ. ನೆರಳು ಇರುವ ಬೆಂಚು ಯಾವುದು, ಯಾವ ಹೊತ್ತಿಗೆ ಎಲ್ಲಿ ಬಿಸಿಲು ಬರುತ್ತದೆ, ಎಲ್ಲ ಗೊತ್ತಿತ್ತು. ಮನೆಯವರಿಗೂ ಅನುಕೂಲವೇ. ಲಾಕರ್ ದುಡ್ಡು ಉಳಿಯುತ್ತಿತ್ತು.

ನಾವಿರುವುದು ಅಮೆರಿಕದ ಒಹಾಯೋದಲ್ಲಿ, ಸಿನ್ಸಿನಾಟಿ ಪಕ್ಕದ ಮೇಸನ್ ಎಂಬ ಊರಿನಲ್ಲಿ. ರೋಲರ್ ಕೋಸ್ಟರ್ ಕಂಡರೆ ಹೆದರುವವರು ಬಂದು ಸೇರಬಾರದ ರಾಜ್ಯ ಇದು. ಉತ್ತರದ ತುದಿಯಲ್ಲಿ, ಈರಿ ಸರೋವರದ ದಂಡೆಯ ಮೇಲೆ ಸೀಡರ್ ಪಾಯಿಂಟ್ ಇದೆ. 2000ದಲ್ಲಿ ಅಲ್ಲಿ ಮಿಲೇನಿಯಂ ಫೋರ್ಸ್ ಎಂಬ 310 ಅಡಿ ಎತ್ತರದ ಕೋಸ್ಟರ್ ಕಟ್ಟಿದರು. ಮೂರೇ ವರ್ಷಕ್ಕೆ ಅದೂ ಸಾಲದೆ ಹೋಯಿತು, 420 ಅಡಿಯ ಇನ್ನೊಂದನ್ನು ಕಟ್ಟಿದರು. ದಕ್ಷಿಣದ ತುದಿಗೆ ಬಂದರೆ ನಮ್ಮ ಕಿಂಗ್ಸ್ ಐಲ್ಯಾಂಡ್. 1972ರಲ್ಲಿ ಶುರುವಾದ ಪಾರ್ಕು. ನಮ್ಮ ಮನೆಯಿಂದ ಕಾರಿನಲ್ಲಿ ಹತ್ತು ನಿಮಿಷ. ಇಲ್ಲಿನ ನಮ್ಮ ಜನ ಸೀಸನ್ ಪಾಸ್ ಮಾಡಿಸಿಕೊಂಡು ಬೇಸಿಗೆಯ ಸಂಜೆ ವಾಕಿಂಗಿಗೆ ಅಲ್ಲಿಗೇ ಹೋಗುತ್ತಾರೆ. ಕಾರಂಜಿ ನೋಡಿ, ಐಫೆಲ್ ಟವರ್‌ನ ಪ್ರತಿಕೃತಿ ಕೆಳಗೆ ನಿಂತು ಫೋಟೋ ತೆಗೆಸಿಕೊಂಡು, ಆ ಪಾರ್ಕಿಗೇ ಹೆಸರಾದ ನೀಲಿ ಬಣ್ಣದ ಐಸ್‌ಕ್ರೀಮ್ ತಿಂದು ಮನೆಗೆ ಬರುವುದು. ನಾನೂ ಅಷ್ಟಕ್ಕೆ ಖುಷಿಯಾಗಿದ್ದೆ.

ನನ್ನ ಭಯ ಎಂಥದ್ದು ಅಂತ ಸ್ವಲ್ಪ ಬಿಡಿಸಿ ಹೇಳಬೇಕು. ಎತ್ತರಕ್ಕೆ ನಾನು ಹೆದರುವವಳಲ್ಲ. ಆ ಐಫೆಲ್ ಟವರ್‌ನ ಮೇಲೆ ಹತ್ತಿ ಸುತ್ತಮುತ್ತ ಆರಾಮಾಗಿ ನೋಡುತ್ತೇನೆ. ವೇಗಕ್ಕೂ ಅಲ್ಲ. ನನ್ನೂರು ಸಾಗರ, ಅಜ್ಜನ ಮನೆ ಹೊನ್ನಾವರ. ಚಿಕ್ಕಂದಿನಲ್ಲಿ ಪ್ರತಿ ರಜೆಗೂ ಗೇರುಸೊಪ್ಪೆ ಘಾಟಿ ಇಳಿದೇ ಹೋಗಬೇಕು. ಮಳೆಗಾಲದ ಮಬ್ಬು, ಎದುರಿಗೆ ಬರುವ ಲಾರಿ, ಒಂದು ಕೈಯಲ್ಲಿ ಸ್ಟೇರಿಂಗ್ ತಿರುಗಿಸುತ್ತಾ ಕಂಡಕ್ಟರ್ ಜೊತೆ ಹರಟೆ ಹೊಡೆಯುವ ಡ್ರೈವರ್. ನಾನು ಕಿಟಕಿಗೆ ತಲೆ ಆನಿಸಿ ನಿದ್ದೆ ಮಾಡುತ್ತಿದ್ದೆ! ಯಾವ ಲೆಕ್ಕದಲ್ಲಿ ನೋಡಿದರೂ ಆ ಬಸ್ಸು ಈ ಪಾರ್ಕಿನ ಯಾವ ಬಂಡಿಗಿಂತಲೂ ಅಪಾಯದ್ದು.

ಆದರೆ ಬಸ್ಸಿನಲ್ಲಿ ಒಂದು ಸೌಲಭ್ಯ ಇತ್ತು. ಹೊಟ್ಟೆ ತೊಳೆಸಿದರೆ "ಹೋಲ್ಡಾನ್!" ಅಂತ ಕೂಗಬಹುದಿತ್ತು. ಕಂಡಕ್ಟರ್ ಸೀಟಿ ಊದುತ್ತಿದ್ದ, ಡ್ರೈವರ್ ಗೊಣಗುತ್ತಾ ಬದಿಗೆ ನಿಲ್ಲಿಸುತ್ತಿದ್ದ. ರೋಲರ್ ಕೋಸ್ಟರಿಗೆ ಕಂಡಕ್ಟರ್ ಇಲ್ಲ. ಸೀಟಿನಿಂದ ಏಳದ ಹಾಗೆ ಹಿಡಿಯುವ ಬಾರ್ ತೊಡೆ ಮೇಲೆ ಬಂದು ಕಟಕ್ ಅಂತ ಕೂತ ಮೇಲೆ ನೀವು ಏನು ಕೂಗಿದರೂ ಅದು ಖುಷಿಗೆ ಕೂಗಿದ್ದು ಅಂತಲೇ ಲೆಕ್ಕ. ನನ್ನ ಭಯ ಇದ್ದಿದ್ದು ಅಲ್ಲಿ.

ಇದು ಎಲ್ಲಿಂದ ಬಂತು ಅನ್ನುವುದೂ ಗೊತ್ತು. ಸಾಗರದ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ ನಡೆಯುತ್ತದೆ. ಮೂರು ವರ್ಷ ಕಾದು ಬಂದ ಜಾತ್ರೆ ಅಂದರೆ ಮಕ್ಕಳಿಗೆ ಎಷ್ಟು ಆಸೆ ಇರಬೇಡ. ಬಾವಿಯೊಳಗೆ ಬೈಕ್ ಓಡಿಸುವವರು, ಬೆಂಡು ಬತ್ತಾಸು, ಮಿಠಾಯಿ ಅಂಗಡಿ, ಆಮೇಲೆ ಜಾಯಿಂಟ್ ವೀಲ್. ಅಪ್ಪ ನಮ್ಮನ್ನೆಲ್ಲ ಹತ್ತಿಸಿಕೊಂಡು ಹೋದರು. ಅಮ್ಮ ಕೆಳಗೆ ನಮ್ಮ ಚಪ್ಪಲಿ, ಪುಗ್ಗೆ, ಮಂಡಕ್ಕಿ ಪೊಟ್ಟಣ ಹಿಡಿದುಕೊಂಡು ನಿಂತಿದ್ದಳು. ಚಕ್ರ ಮೇಲೆ ಹೋಯಿತು. ಕೆಳಗಿನ ತೊಟ್ಟಿಲಿಗೆ ಜನ ತುಂಬಿಸಲು ಅಂತ ನಿಲ್ಲಿಸಿದರು. ನಮ್ಮದು ನೆತ್ತಿಯಲ್ಲಿ ನಿಂತಿತು. ಅಣ್ಣ ಬೇಕು ಅಂತಲೇ ತೊಟ್ಟಿಲು ತೂಗಿಸಿದ. ನಾನು ಅಳುತ್ತಾ ಇಳಿಸಿ ಅಂತ ಕೂಗಿದೆ, ಯಾರಿಗೂ ಕೇಳಲಿಲ್ಲ. ಕೇಳಿದ್ದರೂ ಇಳಿಸುವ ಹಾಗಿರಲಿಲ್ಲ. ಸುತ್ತು ಪೂರ್ತಿ ಆಗಲೇಬೇಕಿತ್ತು.

ಅದಾದ ಮೇಲಿನ ಜಾತ್ರೆಗಳಲ್ಲಿ ನಾನು ಅಮ್ಮನ ಪಕ್ಕ. ಚಪ್ಪಲಿ ಕಾಯಲು ಇಬ್ಬರಾದೆವು. ತಾಯಿಯಂತೆ ಮಗಳು, ನೂಲಿನಂತೆ ಸೀರೆ ಅಂತ ಚಿಕ್ಕಮ್ಮ ನಗಾಡಿದರು. ಅಮ್ಮನಿಗೂ ಹೆದರಿಕೆ, ಮಗಳಿಗೂ ಹೆದರಿಕೆ. ಮನೆಯಲ್ಲಿ ಅದು ಬಣ್ಣ, ಮೂಗಿನ ಹಾಗೆ ನಮ್ಮಿಬ್ಬರಿಗೆ ಬಂದ ಗುಣ ಅಂತ ತೀರ್ಮಾನವಾಯಿತು.

ಇದೇ ತೀರ್ಮಾನ ಹೊತ್ತುಕೊಂಡು ಒಹಾಯೋ ತನಕ ಬಂದೆ. ಮಗಳು ಎತ್ತರ ಬೆಳೆಯುವ ತನಕ ತೊಂದರೆ ಇರಲಿಲ್ಲ.

ಇಲ್ಲಿನ ಪಾರ್ಕುಗಳಲ್ಲಿ ವಯಸ್ಸು ಕೇಳುವುದಿಲ್ಲ, ಎತ್ತರ ಅಳೆಯುತ್ತಾರೆ. ದೊಡ್ಡ ಕೋಸ್ಟರ್‌ಗಳಲ್ಲಿ ಎಷ್ಟಕ್ಕೋ 48 ಇಂಚು ಬೇಕು, ಕೆಲವಕ್ಕೆ ಇನ್ನೂ ಜಾಸ್ತಿ. ಮಗಳು ಒಂದು ಚಳಿಗಾಲವಿಡೀ ಗೋಡೆಗೆ ಆನಿಕೊಂಡು ಪೆನ್ಸಿಲ್ ಗೆರೆ ಹಾಕಿಸಿಕೊಂಡಳು. ವಸಂತಕ್ಕೆ ಪಾರ್ಕು ತೆರೆಯುವಷ್ಟರಲ್ಲಿ 48 ದಾಟಿತ್ತು. ಅದೇ ಹೊತ್ತಿಗೆ ನಮ್ಮ ಯಜಮಾನರ ಬೆನ್ನಿನ ಡಿಸ್ಕ್ ಕೈಕೊಟ್ಟಿತು. ಕುಲುಕಾಡುವ ಯಾವುದರಲ್ಲೂ ಕೂರಬೇಡಿ ಅಂತ ಡಾಕ್ಟರು ಹೇಳಿದರು. ಈಗ ಬೆಂಚಿನ ಮೇಲೆ ಕೂರಬೇಕಾದವರು ಅವರು.

"ಹಂಗಾದ್ರೆ ಅಪ್ಪ ಬ್ಯಾಗ್ ನೋಡ್ಕೊಳ್ಳಲಿ, ನೀನು ಬಾ" ಅಂದಳು ಮಗಳು. ಅವಳ ಲೆಕ್ಕ ಅಷ್ಟು ಸರಳ. ಬ್ಯಾಗಿಗೆ ಒಬ್ಬರು ಬೇಕು, ಒಬ್ಬರು ಸಿಕ್ಕರು, ಇನ್ನೇನು ಅಡ್ಡಿ?

ನಾನು ಮೊದಲು ಓದಿದೆ. ಗೊತ್ತಿಲ್ಲದ್ದಕ್ಕೆ ಹೆದರುವಾಗ ಓದುವುದು ನನ್ನ ಅಭ್ಯಾಸ. ಓದುತ್ತಾ ಹೋದಂತೆ ಈ ಬಂಡಿಗಳ ಮೇಲೆ ಪ್ರೀತಿ ಬರತೊಡಗಿತು ಅನ್ನುವುದು ಬೇರೆ ಮಾತು. ಅಮೆರಿಕದಲ್ಲಿ ಇದನ್ನು ವ್ಯಾಪಾರವಾಗಿ ಬೆಳೆಸಿದ ಲಾಮಾರ್ಕಸ್ ಥಾಂಪ್ಸನ್ ಹುಟ್ಟಿದ್ದು ಇದೇ ಒಹಾಯೋದಲ್ಲಿ. 1884ರಲ್ಲಿ ನ್ಯೂಯಾರ್ಕಿನ ಕೋನಿ ಐಲ್ಯಾಂಡಿನಲ್ಲಿ ಅವನು ಇಟ್ಟ ಬಂಡಿ ಗಂಟೆಗೆ ಹತ್ತು ಕಿಲೋಮೀಟರ್ ಹೋಗುತ್ತಿತ್ತು. ಟಿಕೆಟ್ 5 ಸೆಂಟ್. ಜನ ಅಡ್ಡಡ್ಡ ಕೂತು ಸಮುದ್ರ ನೋಡುತ್ತಾ ಹೋಗುತ್ತಿದ್ದರು. ಆ ವೇಗದ್ದಾಗಿದ್ದರೆ ನಾನೂ ಹತ್ತುತ್ತಿದ್ದೆ, ಅಲ್ವಾ? ಅಲ್ಲಿಂದ ಹನ್ನೊಂದು ವರ್ಷಕ್ಕೆ ಅದೇ ಕೋನಿ ಐಲ್ಯಾಂಡಿನಲ್ಲಿ ಇನ್ನೊಬ್ಬರು ತಲೆಕೆಳಗಾಗುವ ಸುತ್ತು ಮಾಡಿದರು. ಬಳೆಯಷ್ಟು ದುಂಡಗಿನ ಸುತ್ತು. ಅದರೊಳಗೆ ಹೋಗುವಾಗ ಜನರ ಕುತ್ತಿಗೆಗೆ ಪೆಟ್ಟಾಗುತ್ತಿತ್ತು. ಈಗಿನ ಸುತ್ತುಗಳು ದುಂಡಗಿರುವುದಿಲ್ಲ. ಕೆಳಗೆ ಅಗಲ, ಮೇಲೆ ಕಿರಿದು. ಒಳಗೆ ಹೋಗುವಾಗ ಭಾರ ಮೆಲ್ಲಗೆ ಏರಲಿ ಅಂತ.

ನನಗೆ ನಿಜಕ್ಕೂ ಬೇಕಿದ್ದ ವಿಷಯ ಸಿಕ್ಕಿದ್ದು ಶಬ್ದದ ಬಗ್ಗೆ ಓದುವಾಗ. ಬಂಡಿ ಏರುವಾಗ ಟಕ್ ಟಕ್ ಟಕ್ ಅಂತ ಬರುತ್ತದಲ್ಲ, ಬೆಂಚಿನ ಮೇಲೆ ಕೂತಾಗ ನನ್ನ ಎದೆ ಹಿಂಡುತ್ತಿದ್ದುದು ಅದೇ. ಏನೋ ಸವೆದು ಹೋಗಿದೆ, ಈಗ ಮುರಿಯುತ್ತೆ ಅನ್ನುವ ಹಾಗೆ ಕೇಳುತ್ತಿತ್ತು. ಅಸಲಿಗೆ ಅದು ಬಂಡಿ ಹಿಂದಕ್ಕೆ ಜಾರದ ಹಾಗೆ ತಡೆಯುವ ಸಾಧನದ ಶಬ್ದ. ಬಂಡಿಯ ಅಡಿಯಲ್ಲಿ ಒಂದು ಕಬ್ಬಿಣದ ನಾಲಿಗೆ ಇರುತ್ತದೆ. ಏರಿನ ಉದ್ದಕ್ಕೂ ಹಳಿಯ ನಡುವೆ ಗರಗಸದ ಹಾಗೆ ಹಲ್ಲು ಇರುತ್ತವೆ. ಬಂಡಿ ಮುಂದೆ ಹೋದಂತೆ ನಾಲಿಗೆ ಒಂದೊಂದೇ ಹಲ್ಲಿನ ಮೇಲೆ ಹತ್ತಿ ಬೀಳುತ್ತದೆ. ಎಳೆಯುವ ಸರಪಳಿ ಅಲ್ಲೇ ತುಂಡಾಯಿತು ಅಂತಿಟ್ಟುಕೊಳ್ಳಿ, ಬಂಡಿ ಹಿಂದಿನ ಹಲ್ಲಿಗೆ ಸಿಕ್ಕಿಕೊಂಡು ಅಲ್ಲೇ ನಿಲ್ಲುತ್ತದೆ. ನಾನು ಅಷ್ಟು ವರ್ಷ ಹೆದರಿದ್ದು ಸುರಕ್ಷತೆಯ ಶಬ್ದಕ್ಕೆ!

ಚಕ್ರಗಳ ವಿಷಯವೂ ಹಾಗೇ. ಹಳಿಯ ಮೇಲೆ ಒಂದು ಜೊತೆ, ಪಕ್ಕಕ್ಕೆ ಒಂದು ಜೊತೆ, ಹಳಿಯ ಅಡಿಗೆ ಇನ್ನೊಂದು. ಈ ಮೂರನೆಯದು ಜಾನ್ ಮಿಲ್ಲರ್ ಎಂಬ ಎಂಜಿನಿಯರ್ 1919ರಲ್ಲಿ ಪೇಟೆಂಟ್ ಮಾಡಿಸಿದ್ದು. ಬಂಡಿ ಮೇಲಕ್ಕೆ ಹಾರಬೇಕೆಂದರೂ ಅಡಿಯ ಚಕ್ರ ಬಿಡುವುದಿಲ್ಲ. ಬ್ರೇಕಿನ ಕತೆ ಕಾರಿನದ್ದಕ್ಕೆ ಉಲ್ಟಾ. ಎಷ್ಟೋ ಕೋಸ್ಟರ್‌ಗಳಲ್ಲಿ ಬ್ರೇಕು ತಾನಾಗೇ ಮುಚ್ಚಿಕೊಂಡಿರುತ್ತದೆ, ಅದನ್ನು ತೆರೆಯಲು ಗಾಳಿಯ ಒತ್ತಡ ಬೇಕು. ಕರೆಂಟ್ ಹೋದರೆ ಬಂಡಿ ನಿಲ್ಲುತ್ತದೆ, ಓಡುವುದಿಲ್ಲ. ಹಳಿಯನ್ನು ರೈಲಿನವರ ಹಾಗೆ ಭಾಗ ಭಾಗ ಮಾಡಿರುತ್ತಾರೆ, ಒಂದು ಭಾಗದಲ್ಲಿ ಒಂದೇ ಬಂಡಿ. ಅಂದ ಹಾಗೆ ಬಂಡಿಗೆ ಎಂಜಿನ್ನೇ ಇಲ್ಲ. ಹೆಚ್ಚಿನವಕ್ಕೆ ಏರಿಸುವ ತನಕ ಸರಪಳಿ, ಆಮೇಲೆಲ್ಲ ಭೂಮಿಯ ಸೆಳೆತ.

ಇಷ್ಟು ಓದಿದರೆ ಭಯ ಹೋಯಿತಾ? ಇಲ್ಲ. ಅರ್ಧ ಹೋಯಿತು ಅನ್ನಬಹುದು. ಮುರಿದು ಬೀಳುತ್ತೆ ಅನ್ನುವ ಭಯ ಹೋಯಿತು. ಅದೂ ಪೂರ್ತಿಯಲ್ಲ. ಕಿಂಗ್ಸ್ ಐಲ್ಯಾಂಡಿನಲ್ಲೇ 2000ದಲ್ಲಿ ಸನ್ ಆಫ್ ಬೀಸ್ಟ್ ಅಂತ ಮರದ ದೈತ್ಯ ಕೋಸ್ಟರ್ ಕಟ್ಟಿದ್ದರು. 2006ರಲ್ಲಿ ಅದರ ಮರದ ಚೌಕಟ್ಟು ಒಂದು ಕಡೆ ಬಿರುಕು ಬಿಟ್ಟು 27 ಜನರಿಗೆ ಪೆಟ್ಟಾಯಿತು. 2009ರಲ್ಲಿ ನಿಲ್ಲಿಸಿದರು, 2012ರಲ್ಲಿ ಕೆಡವಿದರು. ಆ ಜಾಗದಲ್ಲಿ ಈಗ ಬ್ಯಾನ್‌ಶೀ ಅನ್ನುವ ಇನ್ನೊಂದು ಕೋಸ್ಟರ್ ಇದೆ. ಏನೂ ಆಗುವುದೇ ಇಲ್ಲ ಅಂತ ಹೇಳುವವರನ್ನು ನಾನು ನಂಬುವುದಿಲ್ಲ. ಆದರೆ ಪಾರ್ಕಿಗೆ ಹೋಗುವಾಗ ಹೆದ್ದಾರಿಯಲ್ಲಿ ನಾನೇ ಕಾರು ಓಡಿಸುತ್ತೇನೆ. ಅದು ಇದಕ್ಕಿಂತ ಅಪಾಯ ಅಂತ ಗೊತ್ತಿದ್ದೂ ಓಡಿಸುತ್ತೇನೆ.

ಉಳಿದ ಅರ್ಧ ಭಯ ಕಂಡಕ್ಟರ್ ಇಲ್ಲದ್ದು. ಅದಕ್ಕೆ ಪುಸ್ತಕದಲ್ಲಿ ಔಷಧಿ ಸಿಗಲಿಲ್ಲ. ಸಿಕ್ಕಿದ್ದು ಪಾರ್ಕಿನಲ್ಲೇ, ಕ್ಯೂನಲ್ಲಿ.

ಮೊದಲು ಮಗಳ ಜೊತೆ ವುಡ್‌ಸ್ಟಾಕ್ ಎಕ್ಸ್‌ಪ್ರೆಸ್ ಹತ್ತಿದ್ದೆ. ಅದು ಮಕ್ಕಳದ್ದು, ನಲವತ್ತು ಅಡಿಯೂ ಇಲ್ಲ. ನನ್ನ ಮುಂದೆ ಕೂತ ಪುಟ್ಟ ಹುಡುಗ ದಾರಿಯುದ್ದಕ್ಕೂ ಹಾಡು ಹೇಳಿಕೊಳ್ಳುತ್ತಿದ್ದ. ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಮರ್ಯಾದೆ ಪ್ರಶ್ನೆ.

ಆಮೇಲೆ ರೇಸರ್. ಪಾರ್ಕು ಶುರುವಾದಾಗಿನಿಂದ ಇರುವ ಮರದ ಕೋಸ್ಟರ್. 88 ಅಡಿ, ಗಂಟೆಗೆ ಸುಮಾರು 85 ಕಿಲೋಮೀಟರ್. ಎರಡು ಹಳಿ ಅಕ್ಕಪಕ್ಕ, ಎರಡು ಬಂಡಿ ಒಂದಕ್ಕೊಂದು ಪಂದ್ಯ ಕಟ್ಟಿಕೊಂಡು ಓಡುತ್ತವೆ. 1982ರಿಂದ 2008ರ ತನಕ ಅದರಲ್ಲಿ ಒಂದು ಹಿಮ್ಮುಖವಾಗಿ ಓಡುತ್ತಿತ್ತಂತೆ. ಆ ಕಾಲಕ್ಕೆ ನಾನಿಲ್ಲಿ ಇರಲಿಲ್ಲ, ಪುಣ್ಯ. ಬಂಡಿ ಹೋಗುವಾಗ ಇಡೀ ಚೌಕಟ್ಟು ಅಲ್ಲಾಡುವುದು ಕಣ್ಣಿಗೇ ಕಾಣುತ್ತದೆ. ಹೊಸದಾಗಿ ನೋಡಿದವರಿಗೆ ಅದೇ ಸಾಕು ಕೈಕಾಲು ತಣ್ಣಗಾಗಲು. ಮರದ ಕೋಸ್ಟರನ್ನು ಅಲ್ಲಾಡಲಿ ಅಂತಲೇ ಕಟ್ಟುತ್ತಾರೆ. ಗಾಳಿಗೆ ಬಳುಕುವ ಅಡಿಕೆ ಮರ ಉಳಿದುಕೊಳ್ಳುತ್ತದಲ್ಲ, ಹಾಗೆ.

ಕ್ಯೂನಲ್ಲಿ ನಿಂತು ಮೇಲಿನ ಪ್ಲಾಟ್‌ಫಾರ್ಮಿಗೆ ಬಂದೆವು. ನಮ್ಮ ಸರದಿ ಬಂತು, ಗೇಟು ತೆರೆಯಿತು. ನನ್ನ ಕಾಲು ಏಳಲಿಲ್ಲ. ಪಕ್ಕದಲ್ಲಿ ನಿಂತಿದ್ದ ಕಾಲೇಜು ಹುಡುಗಿ, ಅಲ್ಲಿ ಬೇಸಿಗೆ ಕೆಲಸ ಮಾಡುವವಳು, ನನ್ನ ಮುಖ ನೋಡಿದಳು. ತೀರಾ ಸಾಮಾನ್ಯದ ದನಿಯಲ್ಲಿ ಹೇಳಿದಳು: ಬೇಡ ಅನ್ನಿಸಿದರೆ ಬಂಡಿ ದಾಟಿ ಆ ಕಡೆ ಹೋಗಿ, ಅಲ್ಲಿ ಹೊರಗೆ ದಾರಿ ಇದೆ.

ಅಷ್ಟೇ. ಏನು ಭಯಾನೂ ಇಲ್ಲ ಬನ್ನಿ ಅಂತ ಪುಸಲಾಯಿಸಲಿಲ್ಲ, ನಗಲಿಲ್ಲ. ಬಂಡಿಯ ಒಂದು ಬದಿಯಿಂದ ಹತ್ತಿ ಇನ್ನೊಂದು ಬದಿಯಿಂದ ಇಳಿದೆ. ಮಗಳು ಒಬ್ಬಳೇ ಹೋದಳು. ನಾನು ಹೊರಗೆ ಬಂದು ಕಾದೆ. ಆಶ್ಚರ್ಯ ಅಂದರೆ ನನಗೆ ನಾಚಿಕೆ ಆಗಲಿಲ್ಲ, ಹಗುರವಾಯಿತು. ಇಷ್ಟು ವರ್ಷ ಕ್ಯೂಗೆ ಕಾಲಿಟ್ಟರೆ ಮುಗಿಯಿತು ಅಂದುಕೊಂಡಿದ್ದೆ. ಬಾರ್ ಬೀಳುವ ಕೊನೇ ಗಳಿಗೆ ತನಕ "ಹೋಲ್ಡಾನ್" ಅನ್ನಬಹುದು ಅಂತ ನನಗೆ ಯಾರೂ ಹೇಳಿರಲಿಲ್ಲ.

ಹಾಗೆ ಗೊತ್ತಾದ ಮೇಲೆ ಕ್ಯೂ ಬೇರೆ ಥರ ಕಾಣಿಸಿತು. ಮತ್ತೆ ಹೋದೆ. ಈ ಸಲ ಕೂತೆ. ಬೆಲ್ಟ್ ಹಾಕಿದೆ, ಬಾರ್ ಬಂತು, ಆ ಹುಡುಗಿಯಂಥವಳೇ ಇನ್ನೊಬ್ಬಳು ಎಳೆದು ನೋಡಿ ಹೆಬ್ಬೆರಳು ಎತ್ತಿದಳು. ಟಕ್ ಟಕ್ ಟಕ್ ಶುರುವಾಯಿತು. ನಾನು ಹಲ್ಲುಗಳನ್ನು ನೆನೆಸಿಕೊಂಡೆ. ಮಗಳು ನನ್ನ ಕೈ ಹಿಡಿದಿದ್ದಳು, ಅವಳ ಅಂಗೈ ಬೆವೆತಿತ್ತು. ಅವಳಿಗೂ ಭಯ ಆಗ್ತಿದೆ ಅಂತ ನನಗೆ ಆಗಲೇ ಗೊತ್ತಾಗಿದ್ದು.

ಮೊದಲ ಇಳಿಜಾರಿನಲ್ಲಿ ನಾನು ಹಲ್ಲು ಕಚ್ಚಿ ಉಸಿರು ಬಿಗಿಹಿಡಿದೆ. ಹೊಟ್ಟೆಯೊಳಗಿನದ್ದೆಲ್ಲ ಗಂಟಲಿಗೆ ಬಂತು. ದೇಹ ಬೀಳುವಾಗ ಒಳಗಿನ ಕರುಳು, ಜಠರ ಎಲ್ಲ ತಮ್ಮ ಭಾರ ಕಳೆದುಕೊಂಡ ಹಾಗಾಗಿ ಸ್ವಲ್ಪ ಜರುಗುತ್ತವೆ. ಹೊಟ್ಟೆ ಜುಮ್ ಅನ್ನುವುದು ಅದಕ್ಕೇ. ಎರಡನೇ ಇಳಿಜಾರಿನಲ್ಲಿ ಬಾಯಿ ತಾನಾಗೇ ತೆರೆಯಿತು. "ಅಯ್ಯಯ್ಯೋ ಅಮ್ಮಾ!" ಅಂತ ಕೂಗಿದೆ. ಕೂಗಿದ ತಕ್ಷಣ ಹೊಟ್ಟೆ ಹಗುರ. ಕೂಗುವಾಗ ಉಸಿರು ಹೊರಗೆ ಹೋಗುತ್ತದೆ, ಹೊಟ್ಟೆಯ ಸ್ನಾಯು ಬಿಗಿಯಾಗುತ್ತದೆ, ಇಷ್ಟೇ ಇರಬೇಕು ಗುಟ್ಟು. ಆದರೆ ನಾನು ಕೊನೆಯ ಸಲ ಅಷ್ಟು ಗಟ್ಟಿಯಾಗಿ ಕೂಗಿದ್ದು ಯಾವಾಗ ಅಂತ ನೆನಪೇ ಆಗಲಿಲ್ಲ. ಹೆಣ್ಣುಮಕ್ಕಳ ದನಿ ಜಗಲಿಗೆ ಕೇಳಬಾರದು ಅಂತ ಬೆಳೆಸಿದ ಮನೆ ನಮ್ಮದು. ಇಲ್ಲಿ ಎಲ್ಲರೂ ಕೂಗುತ್ತಿದ್ದಾರೆ, ಯಾರೂ ತಿರುಗಿ ನೋಡುವುದಿಲ್ಲ. ಮೂರನೇ ಇಳಿಜಾರಿಗೆ ಬೇಕಂತಲೇ ಕೂಗಿದೆ.

ಇಳಿದು ಬರುವಾಗ ಹಿಂದಿನ ಸಾಲಿನಲ್ಲಿದ್ದ ಒಬ್ಬರು ಬಿರುಸಾಗಿ ಬಂದು ಪಕ್ಕ ಸೇರಿಕೊಂಡರು. "ಕನ್ನಡದವ್ರಾ? ಅಯ್ಯಯ್ಯೋ ಅಮ್ಮಾ ಅಂದಿದ್ದು ಕೇಳಿಸ್ತು. ಯಾವೂರು?" ದಾವಣಗೆರೆಯವರು. ಅಲ್ಲೇ ನಿಂತು ಯಾವ ಅಂಗಡಿಯಲ್ಲಿ ಒಳ್ಳೇ ಬ್ಯಾಡಗಿ ಮೆಣಸಿನಕಾಯಿ ಸಿಗುತ್ತೆ ಅನ್ನುವ ತನಕ ಮಾತಾಯಿತು. ನನ್ನ ಮೊಣಕಾಲು ಇನ್ನೂ ನಡುಗುತ್ತಿತ್ತು.

ಕ್ಯೂನಲ್ಲಿ ನಾನು ಇನ್ನೊಂದು ವಿದ್ಯೆ ಪ್ರಯೋಗ ಮಾಡಿದೆ. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಆಲಿಸನ್ ವುಡ್ ಬ್ರೂಕ್ಸ್ ಅವರ 2014ರ ಅಧ್ಯಯನ ಒಂದಿದೆ. ಹಾಡು, ಭಾಷಣ, ಲೆಕ್ಕದ ಪರೀಕ್ಷೆಗೆ ಮುಂಚೆ "ಸಮಾಧಾನ, ಸಮಾಧಾನ" ಅಂದುಕೊಂಡವರಿಗಿಂತ "ನಂಗೆ ಹುರುಪು ಬಂದಿದೆ" ಅಂತ ಬಾಯಿಬಿಟ್ಟು ಹೇಳಿಕೊಂಡವರು ಚೆನ್ನಾಗಿ ಮಾಡಿದರು. ಎದೆ ಹೊಡೆದುಕೊಳ್ಳುವುದು ಎರಡಕ್ಕೂ ಒಂದೇ, ಹೆಸರು ಬದಲಾಯಿಸಿದರೆ ಸಾಕು ಅನ್ನುವ ವಾದ. ನಾನು ರೇಸರ್ ಕ್ಯೂನಲ್ಲಿ ನಿಂತು "ಹುರುಪು, ಹುರುಪು" ಅಂತ ಜಪ ಮಾಡಿದೆ. ನನಗಂತೂ ಅದು ನಗು ತರಿಸಿತು ಅಷ್ಟೇ. ನಗು ಬಂದಿದ್ದೇ ಉಪಯೋಗಕ್ಕೆ ಬಂತೇನೋ.

ಆ ಭಾನುವಾರ ಅಮ್ಮನಿಗೆ ವಾಟ್ಸಾಪ್ ಕಾಲ್ ಮಾಡಿದಾಗ ಸುದ್ದಿ ಹೇಳಿದೆ. ನಮ್ಮಿಬ್ಬರಲ್ಲಿ ಒಬ್ಬಳಾದರೂ ಗೆದ್ದೆ ಅನ್ನುವ ಜಂಬ ಇತ್ತು. "ನೋಡು, ನಿನ್ನ ಥರ ಕೆಳಗೇ ನಿಂತಿರ್ತಿದ್ದೆ, ಈಗ ಹತ್ತಿಬಿಟ್ಟೆ" ಅಂದೆ.

ಅಮ್ಮ ಹೂಬತ್ತಿ ಹೊಸೆಯುತ್ತಿದ್ದಳು. ತಲೆ ಎತ್ತದೆ ಕೇಳಿದಳು: "ನನ್ನ ಥರ ಅಂದ್ರೆ?"

"ಅದೇ, ಜಾತ್ರೇಲಿ. ಜಾಯಿಂಟ್ ವೀಲಿಗೆ ಹೆದರಿ ನಿಲ್ತಿದ್ಯಲ್ಲ."

"ನಾನು ಹೆದರಿದ್ದಾ? ಎಂತ ಹೆದರಿಕೆ ಮಾರಾಯ್ತಿ. ನೀವು ಮೂರು ಜನ, ನಿಮ್ಮಪ್ಪ. ಐದು ಟಿಕೆಟ್ಟಿಗೆ ದುಡ್ಡೆಲ್ಲಿತ್ತು? ನಾ ನಿಂತ್ರೆ ಒಂದು ಟಿಕೆಟ್ ಉಳೀತಿತ್ತು, ಬರುವಾಗ ನಿಮಗೆ ಜಿಲೇಬಿ ಆಗ್ತಿತ್ತು."

"ಮತ್ತೆ ಎಲ್ರೂ ನಿಂಗೆ ಹೆದರಿಕೆ ಅಂತಿದ್ರಲ್ಲ?"

"ಅಂದ್ಕೊಳ್ಳಲಿ ಅಂತ ಬಿಟ್ಟೆ. ದುಡ್ಡಿಲ್ಲ ಅಂತ ಜಾತ್ರೇಲಿ ಹೇಳ್ಕೊಂಡು ತಿರುಗ್ಲಾ?"

ಬತ್ತಿ ಹೊಸೆಯುವುದು ನಿಲ್ಲಲೇ ಇಲ್ಲ. ಅಮ್ಮ ನೆಲ್ಲಿಕಾಯಿ ರೇಟಿನ ಮಾತಿಗೆ ಹೋದಳು. ನಾನು ಫೋನ್ ಹಿಡಿದು ಸುಮ್ನೆ ಕೂತಿದ್ದೆ. ಅತ್ತಿದ್ದು ನಾನೇ, ನೆತ್ತಿಯಲ್ಲಿ ನಿಂತ ತೊಟ್ಟಿಲೂ ನಿಜ, ಅದನ್ನು ಇಲ್ಲ ಅನ್ನುವುದಿಲ್ಲ. ಆದರೆ ಆಮೇಲೆ ಅಷ್ಟು ವರ್ಷ ನಾನು ಅದನ್ನು ಹಿಡಿದುಕೊಂಡಿದ್ದು ಅಮ್ಮನ ಪಕ್ಕ ಜಾಗ ಇದೆ ಅನ್ನುವ ಧೈರ್ಯದಿಂದ. ಅಮ್ಮ ಅಲ್ಲಿ ಬೇರೆಯೇ ಲೆಕ್ಕಕ್ಕೆ ನಿಂತಿದ್ದಳು. ಹೊರಬಾಗಿಲ ಬೆಂಚಿನ ಹೆಂಗಸರನ್ನು ಈಗ ನೋಡಿದಾಗ ನನಗೆ ಕೇಳಬೇಕು ಅನ್ನಿಸುತ್ತದೆ. ನಿಜಕ್ಕೂ ಆಗಲ್ವಾ, ಅಥವಾ ಬ್ಯಾಗಿಗೆ ಬೇರೆ ಜನ ಸಿಗಲಿಲ್ವಾ? ಒಂದಿಬ್ಬರನ್ನು ಕೇಳಿದ್ದೂ ಉಂಟು. ಒಬ್ಬರು ನಕ್ಕು "ಯಾರೂ ಕರೀಲೇ ಇಲ್ಲ" ಅಂದರು.

ಬೀಸ್ಟ್ ಬಗ್ಗೆ ಹೇಳದಿದ್ದರೆ ಕಿಂಗ್ಸ್ ಐಲ್ಯಾಂಡಿನವರು ನನ್ನನ್ನು ಊರೊಳಗೆ ಬಿಟ್ಟುಕೊಳ್ಳುವುದಿಲ್ಲ. 1979ರಲ್ಲಿ ತೆರೆದದ್ದು. ಪ್ರಪಂಚದ ಅತಿ ಉದ್ದದ ಮರದ ಕೋಸ್ಟರ್ ಅನ್ನುವ ಹೆಸರು ಇವತ್ತಿಗೂ ಅದರದ್ದೇ. 2.2 ಕಿಲೋಮೀಟರಿಗಿಂತ ಜಾಸ್ತಿ, ನಾಲ್ಕು ನಿಮಿಷ ದಾಟುತ್ತದೆ. ಕಾಡಿನ ನಡುವೆ ಹೋಗುತ್ತದೆ, ದೀಪ ಇಲ್ಲ. ಅದನ್ನು ರಾತ್ರಿ ಹತ್ತಬೇಕು ಅಂತಾರೆ ಬಲ್ಲವರು. ನಾವು ಪಾರ್ಕು ಮುಚ್ಚುವ ಹೊತ್ತಿಗೆ ಹತ್ತಿದೆವು. ಮರಗಳ ಕಪ್ಪು, ಜೀರುಂಡೆ ಶಬ್ದ, ಒದ್ದೆ ಸೊಪ್ಪಿನ ವಾಸನೆ. ಎರಡನೇ ಏರು ನಿಧಾನಕ್ಕೆ ಏರಿ, ಕೊನೆಗೆ ಸುರುಳಿ ಸುರುಳಿಯಾಗಿ ಸುರಂಗದೊಳಗೆ ನುಗ್ಗಿತು. ನನಗೆ ಒಂದು ಕ್ಷಣ ಮಲೆನಾಡಿನ ರಾತ್ರಿ ಬಸ್ಸು ನೆನಪಾಯಿತು, ಇಲ್ಲಿ ನಿದ್ದೆ ಮಾತ್ರ ಬರಲಿಲ್ಲ. ಮೈಯೆಲ್ಲ ಜಜ್ಜಿ ಹೋಯಿತು ಅನ್ನುವುದೂ ನಿಜ. ಅದರ ಗುಣಗಾನ ಮಾಡುವವರು ಈ ಮಾತು ಮೆಲ್ಲಗೆ ಹೇಳುತ್ತಾರೆ.

ಕುಲುಕಾಟದ ಮಾತು ಬಂದಾಗ ಯಜಮಾನರು ಒಂದು ಸುದ್ದಿ ಹುಡುಕಿ ತಂದರು. ಮಿಷಿಗನ್ ಸ್ಟೇಟ್ ಯೂನಿವರ್ಸಿಟಿಯ ಡೇವಿಡ್ ವಾರ್ಟಿಂಗರ್ ಎಂಬ ಡಾಕ್ಟರು ಕಿಡ್ನಿಯ ಸಿಲಿಕೋನ್ ಮಾದರಿ ಮಾಡಿ, ಅದರಲ್ಲಿ ಕಲ್ಲು ಇಟ್ಟು, ಬ್ಯಾಗಿನಲ್ಲಿ ಹಾಕಿಕೊಂಡು ಡಿಸ್ನಿ ವರ್ಲ್ಡಿನ ಬಿಗ್ ಥಂಡರ್ ಮೌಂಟನ್ ಕೋಸ್ಟರ್ ಹತ್ತಿಸಿ ನೋಡಿದರಂತೆ. ಹಿಂದಿನ ಸೀಟಿನಲ್ಲಿ ಕೂತಾಗ ಸುಮಾರು 64 ಶೇಕಡಾ ಸಲ ಕಲ್ಲು ಜರುಗಿ ಹೋಯಿತು, ಮುಂದಿನ ಸೀಟಿನಲ್ಲಿ 17 ಶೇಕಡಾ. 2018ರಲ್ಲಿ ಅವರಿಗೆ ಇಗ್ ನೊಬೆಲ್ ಬಂತು, ಮೊದಲು ನಗಿಸಿ ಆಮೇಲೆ ಯೋಚಿಸುವ ಹಾಗೆ ಮಾಡುವ ಸಂಶೋಧನೆಗೆ ಕೊಡುವ ತಮಾಷೆಯ ಪ್ರಶಸ್ತಿ ಅದು. ಊರಿನವರು ಇದಕ್ಕೇ ಬಾಳೆದಿಂಡಿನ ಪಲ್ಯ ಮಾಡಿ ಹಾಕುತ್ತಾರೆ, ಟಿಕೆಟ್ ಬೇಕಿಲ್ಲ. ತಮಾಷೆ ಇರಲಿ, ಇದರಲ್ಲಿ ಹೊಸಬರಿಗೆ ಒಂದು ಮಾಹಿತಿ ಇದೆ. ಹಿಂದಿನ ಸೀಟು ಎಲ್ಲಕ್ಕಿಂತ ಒರಟು. ಬಂಡಿಯ ಮುಂಭಾಗ ಆಗಲೇ ಇಳಿಯುತ್ತಿರುವಾಗ ಹಿಂದಿನವರು ದಿಬ್ಬದ ಮೇಲಿಂದ ಎಳೆಸಿಕೊಂಡು ಬರುತ್ತಾರೆ. ಭಯ ಇರುವವರು ನಡುವೆ ಕೂರಿ.

ಇನ್ನೊಂದು ಮಾತಿಗೆ ಜನ ಒಪ್ಪುವುದಿಲ್ಲ, ಆದರೂ ಹೇಳುತ್ತೇನೆ. ಚಿಕ್ಕದರಿಂದ ಶುರುಮಾಡಿ ದೊಡ್ಡದಕ್ಕೆ ಹೋಗಬೇಕು ಅನ್ನುವ ಬುದ್ಧಿವಾದ ಅಷ್ಟು ಸರಿಯಲ್ಲ. ಡೈಮಂಡ್‌ಬ್ಯಾಕ್ ಅಂತ ಉಕ್ಕಿನದ್ದು ಇದೆ, 2009ರದ್ದು, 230 ಅಡಿ. ರೇಸರ್‌ಗಿಂತ ಎರಡೂವರೆ ಪಾಲು ಎತ್ತರ. ಕೆಳಗಿನಿಂದ ನೋಡಿದರೆ ಅಸಾಧ್ಯ ಅನ್ನಿಸುತ್ತದೆ. ಕೂತರೆ ಬೆಣ್ಣೆ. ಹೆಗಲಿಗೆ ಏನೂ ಇಲ್ಲ, ತೊಡೆಯ ಮೇಲೊಂದು ಬಾರ್ ಅಷ್ಟೇ, ಪ್ರತಿ ದಿಬ್ಬದ ಮೇಲೂ ಸೀಟಿನಿಂದ ಮೈ ಏಳುತ್ತದೆ. ಒಂದು ಏಟೂ ಬೀಳುವುದಿಲ್ಲ. ನಾನು ಅದರಿಂದಲೇ ಶುರುಮಾಡಿದ್ದರೂ ಆಗುತ್ತಿತ್ತು. ಎತ್ತರ ನೋಡಿ ಅಳೆಯಬಾರದು, ಯಾವುದಕ್ಕೆ ಹೆದರುತ್ತೀರಿ ಅಂತ ಮೊದಲು ನೋಡಿಕೊಳ್ಳಬೇಕು.

ಎಳೆದುಕೊಂಡು ಹೋಗುವವರನ್ನು ಕಂಡರೆ ನನಗೆ ಈಗ ಸಿಟ್ಟು ಬರುತ್ತದೆ. ಬಿಕ್ಕುತ್ತಿರುವ ಹುಡುಗನ ರಟ್ಟೆ ಹಿಡಿದು "ಒಂದ್ ಸಲ ಕೂತ್ರೆ ಎಲ್ಲಾ ಸರಿಹೋಗುತ್ತೆ" ಅನ್ನುವ ಅಪ್ಪಂದಿರನ್ನು ಕ್ಯೂನಲ್ಲಿ ಎಷ್ಟೋ ನೋಡಿದ್ದೇನೆ. ಸರಿಹೋಗುವುದಿಲ್ಲ. ತೊಟ್ಟಿಲಲ್ಲಿ ಕೂತು ಅತ್ತವಳು ನಾನು, ನನ್ನನ್ನು ಕೇಳಿ. ಬೆನ್ನು, ಕುತ್ತಿಗೆ, ಹೃದಯದ ತೊಂದರೆ ಇರುವವರು, ಬಸುರಿಯರು ಹತ್ತಲೇಬಾರದು, ಅದು ಬಾಗಿಲಲ್ಲೇ ಬರೆದಿರುತ್ತದೆ. ಉಳಿದವರಿಗೆ ದಾಟಿ ಹೋಗುವ ದಾರಿ ತೋರಿಸಿದರೆ ಸಾಕು.

ಒರಾಯನ್ ಅನ್ನುವ ಕೋಸ್ಟರ್ ಇನ್ನೂ ಬಾಕಿ ಇದೆ. 2020ರಲ್ಲಿ ಬಂದದ್ದು, ಮುನ್ನೂರು ಅಡಿ ಇಳಿಜಾರು, ಗಂಟೆಗೆ 146 ಕಿಲೋಮೀಟರ್. ಮಗಳು ಇನ್ನಷ್ಟು ಎತ್ತರ ಬೆಳೆದ ಮೇಲೆ ಹೋಗಿಬಂದಳು. ನಾನು ಅದರ ಪ್ಲಾಟ್‌ಫಾರ್ಮಿನ ತನಕ ಹೋಗಿ ಬಂಡಿ ದಾಟಿ ಆ ಕಡೆಯಿಂದ ಇಳಿದು ಬಂದಿದ್ದೇನೆ. ಅಲ್ಲೂ ಯಾರೂ ನಗಲಿಲ್ಲ.

ಮುಂದಿನ ಬೇಸಿಗೆಗೆ ಅಮ್ಮ ಬರುತ್ತಿದ್ದಾಳೆ. ವೀಸಾ ಆಗಿದೆ. ಹಪ್ಪಳ ಎಷ್ಟು ಕಟ್ಟು ತರಲಿ, ಉಪ್ಪಿನಕಾಯಿ ಏರ್‌ಪೋರ್ಟಿನಲ್ಲಿ ಬಿಡ್ತಾರಾ ಅಂತ ದಿನಾ ಫೋನ್. ಮೊನ್ನೆ ಮಾತಿನ ನಡುವೆ ಕೇಳಿದಳು, ಆ ಬಂಡಿಗೆ ವಯಸ್ಸಿನ ಲೆಕ್ಕ ಉಂಟಾ ಅಂತ.

"ಇಲ್ಲ, ಎತ್ತರ ಮಾತ್ರ ನೋಡ್ತಾರೆ. ಬಿಪಿ ಇದ್ರೆ ಡಾಕ್ಟ್ರನ್ನ ಕೇಳ್ಬೇಕು."

"ಬಿಪಿ ನಿಮ್ಮಪ್ಪಂಗೆ, ನಂಗಲ್ಲ. ಟಿಕೆಟ್ ಎಷ್ಟು?"

"ಪಾಸ್ ಮಾಡಿಸ್ತೀನಿ ಅಮ್ಮ, ಎಷ್ಟು ಸಲ ಬೇಕಾದ್ರೂ ಹತ್ತಬಹುದು."

"ಹೌದಾ? ಹಂಗಾದ್ರೆ ಸರಿ. ಸೀರೆ ಉಟ್ಕೊಂಡು ಕೂರಬಹುದಾ, ಇಲ್ಲ ನಿನ್ನ ಹತ್ರ ಚೂಡಿದಾರ ಉಂಟಾ?"